ಮಾತ್ರೆ ಹೃದಯಕ್ಕೆ, ನೋವು ಮಂಡಿಗೆ!

“ಈ ಹಾಳು ಮಾತ್ರೆ ಶುರು ಮಾಡಿದ್ಮೇಲೇ ನೋಡು, ಮಂಡಿ ಹಿಡ್ಕೊಂಡಿದ್ದು. ಇನ್ನು ನಂಗೆ ಬೇಡ ಕಣಮ್ಮ, ಎತ್ತಿಟ್ಬಿಡು...”

ಮನೆಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿದ್ದರೆ ಈ ಮಾತು ನಿಮಗೆ ಹೊಸದೇನಲ್ಲ. ಅತ್ತೆ ಎದುರಿಗೇ ಹೇಳುತ್ತಾರೆ, ಅಮ್ಮ ಊರಿಂದ ಫೋನಿನಲ್ಲಿ ಹೇಳುತ್ತಾರೆ. ಇನ್ನು ಕೆಲವರು ಯಾರಿಗೂ ಹೇಳುವುದೇ ಇಲ್ಲ, ಮಾತ್ರೆಯನ್ನು ಸದ್ದಿಲ್ಲದೆ ದಿಂಬಿನ ಕೆಳಗೆ ಸೇರಿಸಿಬಿಡುತ್ತಾರೆ! ಮಂಡಿ ನೋವು ಕಣ್ಣಿಗೆ ಕಾಣುತ್ತದೆ, ಮೆಟ್ಟಿಲು ಹತ್ತುವಾಗ ಕಾಡುತ್ತದೆ. ಮಾತ್ರೆ ಮಾಡುತ್ತಿರುವ ಉಪಕಾರ ಮಾತ್ರ ಕಾಣುವುದಿಲ್ಲ. ಹಾಗಾಗಿ ಮೊದಲ ಏಟು ಬೀಳುವುದು ಮಾತ್ರೆಗೇ.

ಮನೆಯವರ ಮಾತ್ರೆ ಡಬ್ಬಿ ನೋಡಿಕೊಳ್ಳುವವರು ಬಹುಪಾಲು ನಾವು ಹೆಂಗಸರೇ ತಾನೆ? ಯಾವ ನೋವು ಎಲ್ಲಿಂದ ಬಂತು, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ನಮಗೆ ಸ್ವಲ್ಪವಾದರೂ ಗೊತ್ತಿರಬೇಕು.

ಈ ಮಾತ್ರೆ ಯಾಕೆ?

ಏಟ್ರಿಯಲ್ ಫಿಬ್ರಿಲೇಷನ್ ಎಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ, ಸರಿಯಾಗಿ ಬಡಿಯದೆ ಬರೀ ಅದುರುವುದು. ಅದುರುವ ಕೋಣೆಯಲ್ಲಿ ರಕ್ತ ನಿಂತ ನೀರಿನಂತಾಗಿ ಹೆಪ್ಪುಗಟ್ಟಬಹುದು. ಆ ಹೆಪ್ಪು ಹೊರಟು ಮಿದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡರೆ ಪಾರ್ಶ್ವವಾಯು, ಅಂದರೆ ಲಕ್ವ. ಈ ತೊಂದರೆ ಇರುವವರಿಗೆ ಲಕ್ವದ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನ 1991ರಲ್ಲೇ ತೋರಿಸಿದೆ.

ಹೆಸರಿಗೆ ‘ರಕ್ತ ತೆಳು ಮಾಡುವ ಮಾತ್ರೆ’ ಎಂದರೂ ಇದು ರಕ್ತಕ್ಕೆ ನೀರು ಬೆರೆಸುವುದಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಇದರಲ್ಲಿ ಎರಡು ಗುಂಪು. ವಾರ್ಫರಿನ್, ಅಸೆನೊಕೌಮರಾಲ್ ಹಳೆಯವು. ಇವುಗಳಿಗೆ ‘ಐಎನ್‌ಆರ್’ ಎಂಬ ರಕ್ತಪರೀಕ್ಷೆ ಆಗಾಗ ಮಾಡಿಸಲೇಬೇಕು. ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ಅದು ಸಾಮಾನ್ಯವಾಗಿ 2ರಿಂದ 3ರ ಒಳಗಿರಬೇಕು. ಡಾಬಿಗಟ್ರಾನ್, ರಿವರಾಕ್ಸಬಾನ್, ಎಪಿಕ್ಸಬಾನ್ 2010ರ ಆಸುಪಾಸಿನಿಂದ ಬಂದ ಹೊಸಬು. ಇವುಗಳಿಗೆ ಆ ಪರೀಕ್ಷೆಯ ರಗಳೆ ಇಲ್ಲ. ಆದರೆ ಒಂದೆರಡು ದಿನ ಬಿಟ್ಟರೆ ಸಾಕು, ರಕ್ಷಣೆಯೂ ಇಲ್ಲ!

ನೋವು ಮಾತ್ರೆಯಿಂದಲೇ ಬಂತೇ?

ಬರಬಾರದು ಎಂದೇನಿಲ್ಲ. ರಿವರಾಕ್ಸಬಾನ್‌ನ ಅಡ್ಡಪರಿಣಾಮಗಳ ಪಟ್ಟಿಯಲ್ಲಿ ಕೈಕಾಲು ನೋವು, ಸ್ನಾಯು ಸೆಳೆತ ಇವೆ. ಆದರೆ ಅದು ಬರುವುದು ಕೆಲವರಿಗಷ್ಟೇ. ಅಪರೂಪಕ್ಕೆ ವಾರ್ಫರಿನ್ ಶುರು ಮಾಡಿದ ಕೆಲವು ವಾರಗಳಲ್ಲಿ ಕಾಲ್ಬೆರಳು ನೇರಳೆ ಬಣ್ಣಕ್ಕೆ ತಿರುಗಿ ನೋಯುವುದುಂಟು. ಹಾಗೆ ಕಂಡರೆ ಅದೇ ದಿನ ವೈದ್ಯರಿಗೆ ತೋರಿಸಿ.

ಅನೇಕ ಸಲ ಕಳ್ಳ ಬೇರೆಯೇ ಇರುತ್ತಾನೆ! ಮಾತ್ರೆ ಡಬ್ಬಿಯನ್ನು ಒಮ್ಮೆ ಮೇಜಿನ ಮೇಲೆ ಸುರಿದು ನೋಡಿ. ಕೊಲೆಸ್ಟ್ರಾಲ್‌ಗೆ ಕೊಡುವ ಅಟೊರ್ವಸ್ಟ್ಯಾಟಿನ್, ರೊಸುವಸ್ಟ್ಯಾಟಿನ್ ಇದೆಯೇ? ಕೆಲವರಿಗೆ ಅದರಿಂದ ತೊಡೆ, ಭುಜದ ಸ್ನಾಯು ನೋಯುತ್ತದೆ. ಮೂತ್ರ ಹೆಚ್ಚು ಹೋಗಲೆಂದು ಕೊಡುವ ಮಾತ್ರೆ ಇದೆಯೇ? ಅದರಿಂದ ಪೊಟ್ಯಾಸಿಯಂ ಕಡಿಮೆಯಾದರೆ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಯೂರಿಕ್ ಆಸಿಡ್ ಏರಿದರೆ ಕಾಲ್ಬೆರಳಿನ ಕೀಲು ಕೆಂಪಾಗಿ ಊದುತ್ತದೆ. ಲಯ ಸರಿಪಡಿಸಲು ಕೊಡುವ ಅಮಿಯೊಡರೋನ್ ಥೈರಾಯ್ಡ್ ಅನ್ನು ಏರುಪೇರು ಮಾಡಬಲ್ಲದು. ಥೈರಾಯ್ಡ್ ಕಡಿಮೆಯಾದರೂ ಮೈಕೈ ನೋವೇ. ಇದೆಲ್ಲದರ ಜೊತೆಗೆ ವಯಸ್ಸಿನ ಮಂಡಿ ಸವೆತ, ವಿಟಮಿನ್ ಡಿ ಕೊರತೆ ಇದ್ದೇ ಇವೆ. ಇವನ್ನೆಲ್ಲ ಬಿಟ್ಟು ಲಕ್ವ ತಡೆಯುವ ಮಾತ್ರೆಯನ್ನೇ ಮನೆಯಿಂದ ಆಚೆ ಹಾಕಿದರೆ ಹೇಗೆ?

ಈ ನೋವಿಗೆ ಕಾಯಬೇಡಿ

ಒಂದು ಬಗೆಯ ನೋವನ್ನು ಮಾತ್ರ ‘ನಾಳೆ ನೋಡೋಣ’ ಅನ್ನುವಂತಿಲ್ಲ. ಕೀಲಿನೊಳಗೆ ಅಥವಾ ಸ್ನಾಯುವಿನೊಳಗೆ ರಕ್ತಸ್ರಾವವಾಗುವ ನೋವು ಅದು. ಹಳೆಯ ಮಂಡಿ ನೋವು ತಿಂಗಳುಗಟ್ಟಲೆ ಮೆಲ್ಲಗೆ ಬರುತ್ತದೆ, ಬೆಳಿಗ್ಗೆ ಹೆಚ್ಚು, ಓಡಾಡಿದಂತೆ ಸ್ವಲ್ಪ ಸಡಿಲ. ರಕ್ತ ತುಂಬಿದ ಕೀಲು ಹಾಗಲ್ಲ. ಕೆಲವೇ ಗಂಟೆಗಳಲ್ಲಿ ಊದಿ, ಬಿಗಿದು, ಬಿಸಿಯಾಗಿ, ಮಡಿಸಲೂ ಆಗದಂತಾಗುತ್ತದೆ. ಸಣ್ಣದಾಗಿ ಜಾರಿದ್ದು, ಮಂಚದ ಕಾಲು ತಗುಲಿದ್ದು ಕೂಡ ಇದಕ್ಕೆ ಸಾಕು. ಕೆಲವೊಮ್ಮೆ ಏಟೇ ಇರುವುದಿಲ್ಲ.

ಇನ್ನೊಂದು ಸೊಂಟದ ಆಳದ ಸ್ನಾಯುವಿನಲ್ಲಿ ಆಗುವ ರಕ್ತಸ್ರಾವ. ತೊಡೆಸಂದಿ ಅಥವಾ ಕೆಳಬೆನ್ನಿನ ಒಂದು ಕಡೆ ತೀವ್ರ ನೋವು, ಕಾಲು ನೀಟಾಗಿ ಚಾಚಲು ಆಗದಿರುವುದು, ತೊಡೆ ಜೋಮು ಹಿಡಿದಂತಾಗುವುದು. ಮೇಲ್ನೋಟಕ್ಕೆ ಏನೂ ಕಾಣದು. “ಸೊಂಟ ಉಳುಕಿರಬೇಕು” ಎಂದು ಎಣ್ಣೆ ಹಚ್ಚಿ ನೀವುತ್ತಾ ಕೂರಬೇಡಿ. ಜೊತೆಗೆ ತಲೆ ಸುತ್ತು, ಮುಖ ಬಿಳಿಚಿಕೊಳ್ಳುವುದು ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ, 108ಕ್ಕೆ ಫೋನ್ ಮಾಡಿ.

ನೋವಿನ ಮಾತ್ರೆಯೇ ಶತ್ರು!

ನಿಜವಾದ ಅಪಾಯ ಬಹಳ ಸಲ ಶುರುವಾಗುವುದು ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ. “ಮಂಡಿ ನೋವಿಗೆ ಏನಾದ್ರೂ ಕೊಡಪ್ಪ” ಎಂದರೆ ಸಿಗುವುದು ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಐಬುಪ್ರೊಫೆನ್ ಅಥವಾ ನಿಮೆಸುಲೈಡ್. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಇವು ಸೇರಿದರೆ ಹೊಟ್ಟೆ, ಕರುಳಿನಲ್ಲಿ ರಕ್ತಸ್ರಾವದ ಅಪಾಯ ಬಹಳ ಹೆಚ್ಚುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೇ ಇವನ್ನು ಬೆರೆಸಿರುತ್ತಾರೆ. ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದದೆ ಕೊಡಬೇಡಿ.

ಸೂಜಿಮದ್ದೂ ಅಷ್ಟೇ. ನಮ್ಮ ಬೀದಿಯ ಅಜ್ಜಿಯೊಬ್ಬರು ನೋವು ತಡೆಯಲಾರದೆ ಕ್ಲಿನಿಕ್ಕೊಂದಕ್ಕೆ ಹೋಗಿ ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಂಡು ಬಂದರು. ಹೃದಯದ ಮಾತ್ರೆಯ ಬಗ್ಗೆ ಅಲ್ಲಿ ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮಾರನೆಯ ದಿನ ಪೃಷ್ಠದಿಂದ ತೊಡೆಯವರೆಗೆ ನೇರಳೆಹಣ್ಣಿನ ಬಣ್ಣ! ಆಸ್ಪತ್ರೆಯಲ್ಲಿ ಆರು ದಿನ ಇರಬೇಕಾಯಿತು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ಸ್ನಾಯುವಿಗೆ ಚುಚ್ಚುವ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ. ಸೂಜಿ ಎತ್ತುವ ಮೊದಲೇ ನಾವು ಬಾಯಿಬಿಟ್ಟು ಹೇಳಬೇಕು.

ಮುಲಾಮಿಗೂ ಲೆಕ್ಕವುಂಟು. ಊಟಿಗೆ ಹೋದವರು ತರುವ ವಿಂಟರ್‌ಗ್ರೀನ್ ಎಣ್ಣೆಯಲ್ಲಿ, ಅನೇಕ ನೋವಿನ ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇರುತ್ತದೆ. ಇದು ಆಸ್ಪಿರಿನ್‌ನ ಬಳಗದ್ದೇ. ದಿನವೂ ಧಾರಾಳವಾಗಿ ತಿಕ್ಕಿದರೆ ಚರ್ಮದ ಮೂಲಕ ಒಳಗೆ ಹೋಗಿ ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ ಏರಿಸಬಲ್ಲದು. ಗಟ್ಟಿಯಾಗಿ ನೀವಿಸುವುದು, ಉಳುಕು ತೆಗೆಸುವುದು, ನಾಟಿ ಔಷಧಿ ನುಂಗುವುದು ಯಾವುದೂ ವೈದ್ಯರಿಗೆ ಹೇಳದೆ ಬೇಡ.

ಹಾಗಾದರೆ ನೋವಿಗೆ ಏನು ದಾರಿ?

ನೋವನ್ನು ಸಹಿಸಿಕೊಂಡು ಕೂರಿ ಎಂದು ಯಾರೂ ಹೇಳುತ್ತಿಲ್ಲ. ಪ್ಯಾರಾಸಿಟಮಾಲ್ ಇವುಗಳಲ್ಲಿ ವಾಸಿ. ಆದರೆ ಅದನ್ನೂ ಎಷ್ಟು, ಎಷ್ಟು ದಿನ ಎಂದು ಕೇಳಿಕೊಳ್ಳಿ. ವಾರ್ಫರಿನ್ ಜೊತೆ ದಿನಾ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಅದೂ ಐಎನ್‌ಆರ್ ಏರಿಸುತ್ತದೆ. ಹಳೆಯ ಮಂಡಿ ನೋವಿಗೆ ಬಿಸಿನೀರಿನ ಚೀಲ, ಕುಳಿತಲ್ಲೇ ಕಾಲು ಚಾಚಿ ಎತ್ತುವ ವ್ಯಾಯಾಮ, ಫಿಸಿಯೊಥೆರಪಿ ಒಳ್ಳೆಯದು. ಹೊಸದಾಗಿ ಊದಿದ ಕೀಲಿಗೆ ಮಾತ್ರ ಶಾಖ ಕೊಡಬೇಡಿ.

ಮಾತ್ರೆಯಿಂದಲೇ ನೋವು ಎಂದು ವೈದ್ಯರಿಗೆ ಅನ್ನಿಸಿದರೆ ಅವರು ಬೇರೆಯದಕ್ಕೆ ಬದಲಿಸಬಹುದು. “ಪಕ್ಕದ ಮನೆಯವರದ್ದು ಹೊಸ ಮಾತ್ರೆ, ನಮಗೂ ಅದೇ ಕೊಡಿ” ಎಂಬುದು ಎಲ್ಲರಿಗೂ ಆಗುವ ಮಾತಲ್ಲ. ಲೋಹದ ಕವಾಟ ಹಾಕಿಸಿಕೊಂಡವರಿಗೆ ಹೊಸ ಮಾತ್ರೆಗಳು ಸಲ್ಲವು. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರದಿಂದ ಕವಾಟ ಕಿರಿದಾದವರು ನಮ್ಮಲ್ಲಿ ಅನೇಕರು, ಅದರಲ್ಲೂ ಹೆಂಗಸರೇ ಹೆಚ್ಚು. ರುಮ್ಯಾಟಿಕ್ ಹೃದ್ರೋಗದ ಜೊತೆ ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗೆ ರಿವರಾಕ್ಸಬಾನ್‌ಗಿಂತ ಹಳೆಯ ಗುಂಪಿನ ಮಾತ್ರೆಗಳೇ ಮೇಲು ಎಂದು 2022ರಲ್ಲಿ ಪ್ರಕಟವಾದ, ಭಾರತದ ರೋಗಿಗಳೂ ಇದ್ದ ‘ಇನ್‌ವಿಕ್ಟಸ್’ ಅಧ್ಯಯನ ತೋರಿಸಿತು.

ಅಡುಗೆಮನೆಯ ಕಡೆಗೂ ಒಂದು ಕಣ್ಣಿರಲಿ. ವಾರ್ಫರಿನ್, ಅಸೆನೊಕೌಮರಾಲ್ ತೆಗೆದುಕೊಳ್ಳುವವರು ಸೊಪ್ಪನ್ನು ಪೂರ್ತಿ ಬಿಡಬೇಕಿಲ್ಲ. ಒಂದು ವಾರ ಸೊಪ್ಪೇ ಇಲ್ಲ, ಮರುವಾರ ದಿನಾ ನುಗ್ಗೆಸೊಪ್ಪು, ಪಾಲಕ್, ಬಸ್ಸಾರು ಎಂದಾಗಬಾರದು. ದಿನಕ್ಕೊಂದು ಅಳತೆ ಇರಲಿ. ರಿವರಾಕ್ಸಬಾನ್ ಆದರೆ ರಾತ್ರಿ ಊಟದ ಜೊತೆಗೇ ಕೊಡಿ. ಖಾಲಿ ಹೊಟ್ಟೆಯಲ್ಲಿ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ನೆನಪಿಡಿ

* ನೋವು ಬಂತೆಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅರ್ಧ ಮಾಡಬೇಡಿ. ಮೊದಲು ವೈದ್ಯರಿಗೆ ಫೋನ್ ಮಾಡಿ.
* ಒಂದು ಹೊತ್ತು ಮರೆತರೆ ಮರುದಿನ ಎರಡು ಕೊಡಬೇಡಿ.
* ನೋವು ಯಾವಾಗ ಶುರುವಾಯಿತು, ಯಾವ ಕೀಲು, ಆ ವಾರ ಹೊಸದಾಗಿ ಯಾವ ಮಾತ್ರೆ ಸೇರಿತು ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ.
* ಟಾರಿನಂತೆ ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಏಟು ಇದ್ದರೆ ಕೂಡಲೇ ಆಸ್ಪತ್ರೆಗೆ ಹೊರಡಿ.
* ಮಾತ್ರೆಯ ಹೆಸರು ಬರೆದ ಚೀಟಿ ಹಿರಿಯರ ಪರ್ಸಿನಲ್ಲಿ ಯಾವಾಗಲೂ ಇರಲಿ. ಹಲ್ಲಿನ ಡಾಕ್ಟರಿಗೂ ತೋರಿಸಿ.
* ಬಚ್ಚಲಲ್ಲಿ ಜಾರದ ಚಾಪೆ, ರಾತ್ರಿ ಹೊತ್ತಿಗೆ ಒಂದು ಸಣ್ಣ ದೀಪ. ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ.

ಕೊನೆಗೊಂದು ಮಾತು. “ನೋವು” ಎಂದು ಹಿರಿಯರು ಹೇಳಿದಾಗ “ವಯಸ್ಸಾಯ್ತಲ್ಲ, ಇರೋದೇ ಬಿಡಿ” ಎನ್ನಬೇಡಿ. ಆ ಒಂದು ಮಾತಿಗೆ ಬೇಸತ್ತೇ ಎಷ್ಟೋ ಮಂದಿ ಹೇಳುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ಮಾತ್ರೆಯನ್ನೂ ನಿಲ್ಲಿಸುತ್ತಾರೆ. ಎರಡು ನಿಮಿಷ ಪಕ್ಕದಲ್ಲಿ ಕೂತು “ಎಲ್ಲಿ ನೋವು, ತೋರಿಸಿ” ಎಂದು ಮಂಡಿ ಮುಟ್ಟಿ ನೋಡಿ. ಊತ ಇದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ಅವರಿಗೂ ಮಾತ್ರೆ ನುಂಗುವ ಮನಸ್ಸು ಬರುತ್ತದೆ!