ನೀರಿಳಿದಾಗ ಕಾಣುವ ತೋಟ

ಬೇಸಿಗೆ ಬಲಿತು ಲಿಂಗನಮಕ್ಕಿಯ ಹಿನ್ನೀರು ಇಳಿಯುತ್ತ ಬಂದಂತೆ ಬ್ಯಾಕೋಡು, ತುಮರಿ ಕಡೆಯ ದಂಡೆಗಳಲ್ಲಿ ಕೆಂಪು ನೆಲ ತೆರೆದುಕೊಳ್ಳುತ್ತದೆ. 1964ರಲ್ಲಿ ಅಣೆಕಟ್ಟೆ ಮುಗಿದಾಗ ಮುಳುಗಿದ ಊರುಗಳ ನೆಲ ಇದು. ಗುದ್ದಲಿ ಹಿಡಿಯಬೇಕಿಲ್ಲ, ಇಲ್ಲಿ ಉತ್ಖನನವನ್ನು ನೀರೇ ಮಾಡುತ್ತದೆ. ಅದೇ ನೀರಿನಲ್ಲಿ ಮುಳುಗಿದ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದರೆ ನೋಡಲು ಜನ ಬರುತ್ತಾರೆ. ನನ್ನ ಕಣ್ಣು ಮಾತ್ರ ಅಡಿಕೆ ತೋಟದ ಮನೆಗಳ ಅಡಿಪಾಯದ ಮೇಲೆ.

ಜಂಬಿಟ್ಟಿಗೆ ಕಲ್ಲಿನ ಸಾಲು, ಅಂಗಳಕ್ಕೆ ಇಳಿಯುವ ಮೆಟ್ಟಿಲು, ಪಕ್ಕದಲ್ಲಿ ಒಡೆದ ಹಂಚು. ಮಗುಚಿಬಿದ್ದ ಒರಳಿನ ಗುಂಡಿಯೊಳಗೆ ಬೆರಳಾಡಿಸಿದರೆ ನುಣುಪು ಹಾಗೇ ಇದೆ. ಎಷ್ಟೋ ಹೆಂಗಸರ ಮುಂಜಾವುಗಳು ಅದರಲ್ಲಿ ಸವೆದಿವೆ. ಅಂಗಳದ ಮೂಲೆಯಲ್ಲಿ ಬೆಂಕಿ ತಿಂದು ಬಿರುಕುಬಿಟ್ಟ ಒಲೆಗಲ್ಲುಗಳು. ಕೊಯ್ಲಿನ ದಿನಗಳಲ್ಲಿ ಅವುಗಳ ಮೇಲೆ ಹಂಡೆ ಏರುತ್ತಿತ್ತು. ರಾತ್ರಿಯೆಲ್ಲ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದ ಹಸಿ ಅಡಿಕೆ ತೊಗರಿನಲ್ಲಿ ಬೆಂದು, ಬಣ್ಣ ಹಿಡಿದು, ಚಪ್ಪರದ ಮೇಲೆ ಒಣಗುತ್ತಿತ್ತು.

ಸುಲಿದವರ ಮನೆ ಎಲ್ಲಿ? ಮಣ್ಣಿನ ಗೋಡೆ, ಬಿದಿರು, ಸೋಗೆಯ ಮಾಡು. ನೀರು ಬಂದಾಗ ಕರಗಿಹೋದವು. ಕಲ್ಲು ಉಳಿದದ್ದು ಒಡೆಯರ ಪಾಲಿಗೆ ಮಾತ್ರ. ಹಿಂದಿನ ದೊರೆ ಶಿವಪ್ಪನಾಯಕನ ‘ಶಿಸ್ತು’ ಎಂಬ ಭೂಕಂದಾಯ ಪದ್ಧತಿಯಲ್ಲೂ ಅಡಿಕೆ ತೋಟದ ಕಂದಾಯ ಮರಗಳ ಲೆಕ್ಕದಲ್ಲಿತ್ತು, ಮರ ಹತ್ತಿದವರ ಲೆಕ್ಕ ಅದರಲ್ಲಿಲ್ಲ. 1951ರಲ್ಲಿ ಇದೇ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ. ಒಲೆಗಲ್ಲಿನ ಆಚೆಗಿದ್ದ ಬದುಕು ಎಂಥದ್ದೆಂದು ಅದರಿಂದ ತಿಳಿಯುತ್ತದೆ.

ಆದರೂ ಅವರ ಗುರುತು ಪೂರ್ತಿ ಅಳಿದಿಲ್ಲ. ಹೂಳಿನ ಕೆಳಗೆ ನೀಳವಾಗಿ ಓಡುವ ತಗ್ಗುಗಳನ್ನು ಗಮನಿಸಬೇಕು: ತೋಟಕ್ಕೆ ದನ, ಕಾಡುಪ್ರಾಣಿ ನುಗ್ಗದಂತೆ ತೋಡಿದ ಅಗಳ, ಮಳೆನೀರು ಬಸಿಯಲು ಮರಗಳ ಸಾಲಿನ ನಡುವೆ ತೆಗೆದ ಕಾಲುವೆ. ಅಡಿಕೆ ಮರಗಳು ಕೊಳೆತುಹೋಗಿವೆ. ಆಳುಗಳು ಸೊಂಟ ಬಗ್ಗಿಸಿ ಕಡಿದ ನೆಲದ ಗೆರೆಗಳು ಉಳಿದಿವೆ. ನನ್ನ ಮಟ್ಟಿಗೆ ಒರಳಿಗಿಂತ ದೊಡ್ಡ ಅವಶೇಷ ಇದೇ.

ಈ ಗೆರೆಗಳ ನಕ್ಷೆ ತೆಗೆಯಬೇಕು. ಮುಳುಗಡೆಯ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಂಬತ್ತು ದಾಟಿದೆ. ಯಾವ ಅಗಳ ಯಾರ ತೋಟದ್ದು, ಅದನ್ನು ಕಡಿದವರು ಯಾರ ಮನೆಯವರು ಎಂದು ಅವರನ್ನು ದಂಡೆಗೆ ಕರೆತಂದು ಕೇಳಿಕೊಳ್ಳುವ ಕೆಲಸ ಮುಂದಿನ ಬೇಸಿಗೆಯಲ್ಲೇ ಆಗಬೇಕು.