ತೂತು ತಪ್ಪಿದ್ರೆ ಏನ್ ಮಾಡೋದು?

ವರ್ಕ್‌ಶಾಪ್ ಲ್ಯಾಬಿನಲ್ಲಿ ತೂತು ಗೆರೆ ಬಿಟ್ಟು ಬಿದ್ದರೆ ನಮಗೆ ಹೋಗೋದು ಎರಡು ಮಾರ್ಕ್ಸ್. ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ಅಲ್ಯೂಮಿನಿಯಂ ವಿಮಾನ ಕಟ್ಟುವವರ ಕಥೆ ಬೇರೆ. ಆ ರೆಕ್ಕೆಯನ್ನು ನಂಬಿ ಮೇಲೆ ಹಾರಬೇಕಾದವರು ಅವರೇ. ವ್ಯಾನ್ಸ್ ಕಂಪನಿಯ ಆರ್‌ವಿ ಕಿಟ್ ತಂದರೆ ಸಾವಿರಾರು ರಿವೆಟ್ ಹೊಡೀಬೇಕು. ಅಷ್ಟರಲ್ಲಿ ಕೆಲವು ತೂತು ಕೆಟ್ಟೇ ಕೆಡುತ್ತವೆ.

ಹೊಸದಾಗಿ ಕೊರೆಯುವಾಗ ಮಾತ್ರ ಅಲ್ಲ, ಸರಿಯಾಗಿ ಕೂರದ ರಿವೆಟ್ ತೆಗೆಯುವಾಗಲೂ ಕೆಡಬಹುದು. ಬಿಟ್ ರಿವೆಟ್ ತಲೆಯಿಂದ ಜಾರಿ ಶೀಟಿಗೆ ಇಳಿದರೆ ದುಂಡಗಿದ್ದ ತೂತು ಮೊಟ್ಟೆಯಂತೆಯೋ, 8ರಂತೆಯೋ ಆಗುತ್ತೆ.

ಅದನ್ನು ಏನಾದರೂ ಮೆತ್ತಿ ಮುಚ್ಚಿದರೆ ಸಾಲದೇ? ಸಾಲದು. ರಿವೆಟ್ ಹೊಡೆದಾಗ ಅದರ ಕಡ್ಡಿ ಉಬ್ಬಿ ತೂತನ್ನು ಬಿಗಿಯಾಗಿ ತುಂಬಬೇಕು. ಮೊಟ್ಟೆಯಾಕಾರದ ತೂತನ್ನು ಅದು ಸರಿಯಾಗಿ ತುಂಬಲ್ಲ, ಹೊರಬೇಕಾದ ಭಾರ ಅಕ್ಕಪಕ್ಕದ ರಿವೆಟ್‌ಗಳ ತಲೆ ಮೇಲೆ ಬೀಳುತ್ತೆ. ಜೊತೆಗೆ ನಾವು ಓದಿದ್ದೇವಲ್ಲ, ಎಳೆತಕ್ಕೆ ಸಿಕ್ಕ ಅಗಲವಾದ ಪ್ಲೇಟಿನಲ್ಲಿ ದುಂಡಗಿನ ತೂತಿನ ಅಂಚಿನಲ್ಲೇ ಸ್ಟ್ರೆಸ್ 3 ಪಟ್ಟು. ತೂತು ಎಳೆತಕ್ಕೆ ಅಡ್ಡಲಾಗಿ ಉದ್ದವಾದರೆ ಅದರ ತುದಿಗಳಲ್ಲಿ ಇನ್ನೂ ಜಾಸ್ತಿ. ಬಿರುಕಿಗೆ ಅಂಥ ಜಾಗ ಸಿಕ್ಕರೆ ಸಾಕು.

ಮೊದಲು ಹೊಳೆಯುವ ಉಪಾಯ ಅಂದ್ರೆ ತೂತು ದೊಡ್ಡದು ಮಾಡಿ, ಮುಂದಿನ ಸೈಜಿನ ರಿವೆಟ್ ಹಾಕೋದು. 3/32 ಇಂಚಿನದು (ಸುಮಾರು 2.4 ಮಿ.ಮೀ.) ಕೆಟ್ಟರೆ 1/8 ಇಂಚಿನದು (3.2 ಮಿ.ಮೀ.). ಕೆಟ್ಟ ಅಂಚೆಲ್ಲ ಆ ಹೊಸ ಸುತ್ತಿನೊಳಗೆ ಅಳಿಸಿಹೋದರೆ ಕೆಲಸ ಮುಗೀತು. ತಲೆ ಶೀಟಿನ ಮಟ್ಟಕ್ಕೆ ಕೂರಬೇಕಾದ ಕಡೆ ಇನ್ನೊಂದು ಅನುಕೂಲ ಇದೆ: ಕಡ್ಡಿ 1/8 ಇಂಚು, ತಲೆ ಮಾತ್ರ ಚಿಕ್ಕ ಸೈಜಿನದು, ಹಾಗಾಗಿ ಹಳೇ ಗುಳಿಯಲ್ಲೇ ಕೂರುತ್ತೆ. ಇದಕ್ಕೆ ಕಟ್ಟುವವರು ಇಟ್ಟ ಹೆಸರು ‘ಊಪ್ಸ್ ರಿವೆಟ್’. ‘ಅಯ್ಯೋ ರಿವೆಟ್’ ಅಂತ ನಾವು ಕರೆಯಬಹುದೇನೋ!

ಆದರೆ ಡ್ರಿಲ್ ಎತ್ತೋಕೆ ಮುಂಚೆ ಸ್ಕೇಲ್ ಎತ್ತಬೇಕು. ತೂತಿನ ನಡುವಿನಿಂದ ಶೀಟಿನ ಅಂಚಿಗೆ ಕನಿಷ್ಠ ರಿವೆಟ್ ವ್ಯಾಸದ 2 ಪಟ್ಟು ಜಾಗ ಇರಬೇಕು. ಇಲ್ಲದಿದ್ದರೆ ಭಾರ ಬಿದ್ದಾಗ ರಿವೆಟ್ ಅಂಚನ್ನೇ ಹರಿದುಕೊಂಡು ಹೊರಬರಬಹುದು. ಅಂಚು 5 ಮಿ.ಮೀ. ದೂರ ಇದೆ ಅಂದುಕೊಳ್ಳಿ. ಚಿಕ್ಕ ರಿವೆಟ್‌ಗೆ 4.8 ಸಾಕು, ಪಾಸ್. ದೊಡ್ಡದಕ್ಕೆ 6.4 ಬೇಕು, ಫೇಲ್. ಅಂದರೆ ರಿಪೇರಿ ಅಂತ ಮಾಡಿದ್ದೇ ಆ ಜಾಯಿಂಟನ್ನು ಇನ್ನಷ್ಟು ದುರ್ಬಲ ಮಾಡುತ್ತೆ.

ಆಗ ಬೇರೆ ದಾರಿ ನೋಡಬೇಕು. ಕೆಟ್ಟ ತೂತಿನ ಎರಡೂ ಕಡೆ ಹೊಸ ರಿವೆಟ್ ಸೇರಿಸಬಹುದು, ಆದರೆ ನಡುವಿಂದ ನಡುವಿಗೆ ವ್ಯಾಸದ 3 ಪಟ್ಟಾದರೂ ಅಂತರ ಉಳಿಯಬೇಕು. ಕೆಲವೆಡೆ ಹಿಂದೆ ಇನ್ನೊಂದು ಪಟ್ಟಿ ಕೊಟ್ಟು ಬಲಪಡಿಸುತ್ತಾರೆ. ರೆಕ್ಕೆಯ ಮುಖ್ಯ ತೊಲೆಯಂಥ ಜಾಗದಲ್ಲಿ ಮಾತ್ರ ಸ್ವಂತ ಲೆಕ್ಕ ನಂಬಬಾರದು ಅನ್ನೋದು ನಮ್ಮ ಅಭಿಪ್ರಾಯ. ಕಿಟ್ ಮಾಡಿದವರನ್ನೇ ಕೇಳಬೇಕು, ಬೇಕಾದರೆ ಇಡೀ ಭಾಗವನ್ನೇ ಬದಲಿಸಬೇಕು.

ಇನ್ನು ರಿವೆಟ್ ತೆಗೆಯುವ ಸರಿಯಾದ ಕ್ರಮ: ತಲೆಯ ನಡುವೆ ಪಂಚ್ ಗುರುತು ಹಾಕಿ, ತಲೆಯ ಆಳಕ್ಕಷ್ಟೇ ಕೊರೆದು, ತಲೆ ಮುರಿದು, ಹಿಂದೆ ಆಸರೆ ಕೊಟ್ಟು ಕಡ್ಡಿಯನ್ನು ಮೆಲ್ಲಗೆ ತಟ್ಟಿ ಹೊರಹಾಕೋದು. ಇಷ್ಟು ಮಾಡಿದರೆ ಬಿಟ್ ಶೀಟನ್ನು ಮುಟ್ಟೋದೇ ಇಲ್ಲ.