ನಾನು ಓದದೇ ಬಿಟ್ಟ ಕೊನೆಯ ಸಾಲು

ನಮ್ಮ ಮನೆಯ ಬೀರುವಿನಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ. ಚಿಕ್ಕಪ್ಪನ ಆಸ್ಪತ್ರೆ ಕಾಗದಗಳೆಲ್ಲ ಅದರೊಳಗಿವೆ. ನಾನು ದ್ವಿತೀಯ ಪಿಯುಸಿಯಲ್ಲಿದ್ದಾಗ ಅವರು ಮೊದಲ ಸಲ ಆಸ್ಪತ್ರೆ ಸೇರಿದ್ದರು. ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ವಾರ ಕಳೆದು ಮನೆಗೆ ಬಂದವರು ಡಿಸ್ಚಾರ್ಜ್ ಕಾಗದವನ್ನು ನನ್ನ ಕೈಗಿಟ್ಟು, ‘ಏನೇನ್ ಬರ್ದವ್ರೆ ನೋಡವ್ವ’ ಅಂದರು.

ಮನೆಯಲ್ಲಿ ಇಂಗ್ಲಿಷ್ ಓದಲು ಬರುವವಳು ನಾನೊಬ್ಬಳೇ. ಬೆಳಿಗ್ಗೆ ಯಾವ ಮಾತ್ರೆ, ರಾತ್ರಿ ಯಾವ ಮಾತ್ರೆ ಎಂದು ಹೇಳಿ ಕಾಗದ ಮಡಚಿಟ್ಟೆ. ಮರುದಿನ ನನಗೆ ಕಿರುಪರೀಕ್ಷೆ ಇತ್ತು. ಕೊನೆಯ ಸಾಲು ಓದಲಿಲ್ಲ. ‘ಸಿರೋಸಿಸ್ ಇರುವುದರಿಂದ ಆರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮತ್ತು ಎಎಫ್‌ಪಿ ರಕ್ತಪರೀಕ್ಷೆ ಮಾಡಿಸಬೇಕು’ ಎಂದು ಅಲ್ಲಿತ್ತು. ಮೂರು ವರ್ಷದ ನಂತರ, ಚಿಕ್ಕಪ್ಪನಿಗೆ ಲಿವರ್ ಕ್ಯಾನ್ಸರ್ ಎಂದು ಗೊತ್ತಾದ ದಿನ, ಹಳೆಯ ಕಾಗದ ಹುಡುಕುವಾಗ ಆ ಸಾಲು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಡಾಕ್ಟರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಟ್ಯಾಂಕ್ ತುಂಬುವ ಲೆಕ್ಕ

ಚಿಕ್ಕಪ್ಪ ಗಾರೆ ಕೆಲಸದ ಮೇಸ್ತ್ರಿ. ಕುಡಿದು ರಸ್ತೆಯಲ್ಲಿ ಬಿದ್ದವರಲ್ಲ, ಮನೆಯಲ್ಲಿ ಕೂಗಾಡಿದವರಲ್ಲ. ಸಂಜೆ ಕೆಲಸ ಮುಗಿಸಿ ಒಂದು ಕ್ವಾರ್ಟರ್ ಕುಡಿದು, ಊಟ ಮಾಡಿ ಮಲಗುವವರು. ‘ಮೈಕೈ ನೋವಿಗೆ’ ಎನ್ನುತ್ತಿದ್ದರು. ಹಾಗಾಗಿ ಅವರನ್ನು ಯಾರೂ ಕುಡುಕ ಎಂದು ಕರೆದಿರಲಿಲ್ಲ.

ಒಂದು ಕ್ವಾರ್ಟರ್ ಎಂದರೆ 180 ಮಿಲಿ. ದಿನಕ್ಕೊಂದರಂತೆ 20 ವರ್ಷಕ್ಕೆ ಲೆಕ್ಕ ಹಾಕಿ ನೋಡಿ, 1,314 ಲೀಟರ್ ಆಗುತ್ತದೆ. ಮನೆ ಮೇಲಿನ ಸಾವಿರ ಲೀಟರ್ ಟ್ಯಾಂಕ್ ತುಂಬಿ, ಇನ್ನೂ ಮುನ್ನೂರು ಲೀಟರ್ ಮಿಗುತ್ತದೆ. ಅಷ್ಟನ್ನೂ ಸೋಸಿದ್ದು ಒಂದೂವರೆ ಕಿಲೋ ತೂಕದ ಒಂದು ಅಂಗ.

‘ನಾವು ಬರೀ ಬಿಯರ್ ಕುಡಿಯೋದು’ ಎನ್ನುವ ಸ್ನೇಹಿತರಿಗೂ ಒಂದು ಲೆಕ್ಕ ಇದೆ. ಶೇ 8ರಷ್ಟು ಆಲ್ಕೋಹಾಲ್ ಇರುವ 650 ಮಿಲಿಯ ಒಂದು ಸ್ಟ್ರಾಂಗ್ ಬಿಯರ್ ಬಾಟಲಿಯಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇರುತ್ತದೆ. 30 ಮಿಲಿ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಅಂದರೆ ಒಂದು ಬಾಟಲಿ ಬಿಯರ್ ನಾಲ್ಕು ಸಣ್ಣ ಪೆಗ್‌ಗೆ ಸಮ. ಬಾಟಲಿ ಯಾವುದು ಎಂದು ಲಿವರ್ ನೋಡುವುದಿಲ್ಲ, ಎಷ್ಟು ಆಲ್ಕೋಹಾಲ್ ಬಂತು ಎಂಬುದಷ್ಟೇ ಅದಕ್ಕೆ ಮುಖ್ಯ.

ಒಳಗೆ ನಡೆಯುವುದೇನು?

ಮದ್ಯವನ್ನು ಲಿವರ್ ಒಡೆಯುವಾಗ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ಇದು ಜೀವಕೋಶದ ಡಿಎನ್‌ಎಯನ್ನೇ ಕೆಡಿಸಬಲ್ಲದು. ಮೊದಲು ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಈ ಹಂತದಲ್ಲಿ ಕುಡಿತ ಬಿಟ್ಟರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಬಿಡದಿದ್ದರೆ ಉರಿಯೂತ, ಗಾಯ, ಗಾಯದ ಮೇಲೆ ಗಾಯ. ಕೊನೆಗೆ ಮೆತ್ತಗಿದ್ದ ಲಿವರ್ ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದೇ ಸಿರೋಸಿಸ್. ಕುಡಿತದಿಂದ ಬರುವ ಲಿವರ್ ಕ್ಯಾನ್ಸರ್ ಹೆಚ್ಚಾಗಿ ಈ ಗಟ್ಟಿಯಾದ ಲಿವರ್‌ನಲ್ಲೇ ಹುಟ್ಟುತ್ತದೆ. ಜೊತೆಗೆ ಹೆಪಟೈಟಿಸ್ ಬಿ ಅಥವಾ ಸಿ ಸೋಂಕು, ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಮದ್ಯವನ್ನು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಪಟ್ಟಿಗೆ ಸೇರಿಸಿದೆ.

ಕಷ್ಟ ಏನೆಂದರೆ, ಇಷ್ಟೆಲ್ಲ ಆಗುವಾಗ ನೋವೇ ಇರುವುದಿಲ್ಲ. ಬಹುಪಾಲು ಕೆಟ್ಟ ಮೇಲೂ ಲಿವರ್ ಹೇಗೋ ಕೆಲಸ ತೂಗಿಸುತ್ತದೆ. ಕಾಮಾಲೆ, ಹೊಟ್ಟೆ ಊತ, ರಕ್ತವಾಂತಿ ಕಾಣಿಸಿಕೊಳ್ಳುವ ಹೊತ್ತಿಗೆ ತಡವಾಗಿರುತ್ತದೆ. ಆಗಲೂ ನಮ್ಮ ಕಡೆ ಮೊದಲು ಓಡುವುದು ಕಾಮಾಲೆಗೆ ಸೊಪ್ಪಿನ ರಸ ಕೊಡುವವರ ಬಳಿಗೆ. ನಾವೂ ಮೂರು ವಾರ ಹಾಗೆಯೇ ಕಳೆದೆವು.

ಚಿಕಿತ್ಸೆಗೆ ದಾರಿಗಳಿವೆ, ಆದರೆ...

ಲಿವರ್ ಕ್ಯಾನ್ಸರ್ ಎಂದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಹಾಗಲ್ಲ. ಗಡ್ಡೆ ಚಿಕ್ಕದಿದ್ದು ಉಳಿದ ಲಿವರ್ ಚೆನ್ನಾಗಿದ್ದರೆ ಆ ಭಾಗವನ್ನೇ ಕತ್ತರಿಸಿ ತೆಗೆಯುತ್ತಾರೆ. ಚಿಕ್ಕ ಗಡ್ಡೆಯನ್ನು ಸೂಜಿಯ ಮೂಲಕ ಶಾಖ ಕೊಟ್ಟು ಸುಡುವ ವಿಧಾನವೂ ಇದೆ. ಲಿವರ್ ಕಸಿ ಮಾಡಿದರೆ ಗಡ್ಡೆಯ ಜೊತೆಗೆ ಸಿರೋಸಿಸ್ ಕೂಡ ಹೋಗುತ್ತದೆ. ಆದರೆ ಅದಕ್ಕೊಂದು ಅಳತೆ ಇದೆ. ಸಾಮಾನ್ಯವಾಗಿ ಒಂದೇ ಗಡ್ಡೆಯಾದರೆ 5 ಸೆಂ.ಮೀ. ಒಳಗೆ, ಎರಡು ಮೂರು ಇದ್ದರೆ ಪ್ರತಿಯೊಂದೂ 3 ಸೆಂ.ಮೀ. ಒಳಗೆ ಇರಬೇಕು, ರಕ್ತನಾಳಕ್ಕೆ ಹರಡಿರಬಾರದು. ಕುಡಿತ ಬಿಟ್ಟಿರಲೇಬೇಕು.

ಚಿಕ್ಕಪ್ಪನ ಗಡ್ಡೆ 7 ಸೆಂ.ಮೀ. ಇತ್ತು. ಕತ್ತರಿಸೋಣವೆಂದರೆ ಉಳಿದ ಲಿವರ್‌ಗೆ ಬಲವಿರಲಿಲ್ಲ. ಕೊನೆಗೆ ‘ಟೇಸ್’ ಎಂಬ ಚಿಕಿತ್ಸೆ ಮಾಡಿದರು. ತೊಡೆಯ ಸಂದಿಯ ರಕ್ತನಾಳದಿಂದ ಸಣ್ಣ ಕೊಳವೆಯನ್ನು ಲಿವರ್‌ವರೆಗೆ ಕೊಂಡೊಯ್ದು, ಗಡ್ಡೆಗೇ ಔಷಧ ಬಿಟ್ಟು, ಅದಕ್ಕೆ ಹೋಗುವ ರಕ್ತವನ್ನು ತಡೆಯುತ್ತಾರೆ. ಎರಡು ಸಲ ಮಾಡಿದ ಮೇಲೆ ಮಾತ್ರೆ ಶುರುವಾಯಿತು. ಈಗ ರೋಗನಿರೋಧಕ ಶಕ್ತಿಯನ್ನು ಎಚ್ಚರಿಸುವ ಇಮ್ಯುನೊಥೆರಪಿ ಇಂಜೆಕ್ಷನ್‌ಗಳೂ ಇವೆ. ಇವೆಲ್ಲ ಆಯುಷ್ಯವನ್ನು ಹಿಗ್ಗಿಸಬಲ್ಲವು. ಆದರೆ ಪೂರ್ತಿ ಗುಣವಾಗುವ ಅವಕಾಶ ಹೆಚ್ಚಿರುವುದು ಗಡ್ಡೆ ಚಿಕ್ಕದಿರುವಾಗ. ಅದನ್ನು ಚಿಕ್ಕದಿರುವಾಗಲೇ ಹಿಡಿಯಲೆಂದೇ ಆ ಆರು ತಿಂಗಳ ಸ್ಕ್ಯಾನ್.

ಚಿಕ್ಕಪ್ಪ ಹದಿನಾಲ್ಕು ತಿಂಗಳು ನಮ್ಮೊಂದಿಗಿದ್ದರು. ಒಂದು ತೊಟ್ಟೂ ಕುಡಿಯಲಿಲ್ಲ. ಆ ಸಾಲಿನ ವಿಷಯವನ್ನು ಒಂದು ದಿನ ಅಳುತ್ತಾ ಹೇಳಿದೆ. ‘ನೀನ್ ಓದಿದ್ರೂ ನಾನ್ ಹೋಯ್ತಿರ್ಲಿಲ್ಲ ಬುಡವ್ವ’ ಅಂದರು. ನನ್ನ ಸಮಾಧಾನಕ್ಕೆ ಹೇಳಿದರೋ, ನಿಜವೋ ಗೊತ್ತಿಲ್ಲ.

ನಾವೇನು ಮಾಡಬಹುದು?

ನಮ್ಮ ವಯಸ್ಸಿನವರ ಲಿವರ್ ಇನ್ನೂ ಗಟ್ಟಿಯಾಗಿರುವುದಿಲ್ಲ. ಕೆಲಸ ಸಿಕ್ಕಿದ ಖುಷಿಗೊಂದು, ಸಿಗದ ಬೇಜಾರಿಗೊಂದು ಎಂದು ಶುರುವಾಗುವ ‘ಎಣ್ಣೆ ಪಾರ್ಟಿ’ ವಾರದ ರೂಢಿಯಾಗುವ ಮುನ್ನ ನಿಲ್ಲಿಸುವುದು ಸುಲಭ. ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ ಎಂದು ಮನೆಯಲ್ಲಿ ಕೇಳಿ, ಆಗಿಲ್ಲದಿದ್ದರೆ ಹಾಕಿಸಿಕೊಳ್ಳಿ.

ಮನೆಯಲ್ಲಿ ವರ್ಷಗಟ್ಟಲೆ ಕುಡಿಯುವವರಿದ್ದರೆ ಬೈಯುವುದಕ್ಕಿಂತ ಒಂದು ಸಲ ಲಿವರ್ ಪರೀಕ್ಷೆಗೆ ಕರೆದುಕೊಂಡು ಹೋಗಿ. ಆದರೆ ದಿನವೂ ಹೆಚ್ಚು ಕುಡಿಯುವವರನ್ನು ‘ಇವತ್ತಿಂದ ಬಿಟ್ಬಿಡಿ’ ಎಂದು ಒಮ್ಮೆಗೇ ನಿಲ್ಲಿಸಬೇಡಿ. ಕೆಲವರಿಗೆ ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಡಾಕ್ಟರ ಸಲಹೆಯಂತೆ ಬಿಡಿಸಬೇಕು. ವ್ಯಸನ ಬಿಡಿಸುವ ಸಲಹೆಗೆ 14446, ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಮೊನ್ನೆ ಪಕ್ಕದ ಮನೆಯ ಅಜ್ಜಿ ತಮ್ಮ ಮಗನ ರಿಪೋರ್ಟ್ ತಂದು, ‘ಏನ್ ಬರ್ದವ್ರೆ ನೋಡವ್ವ’ ಅಂದರು. ಅದೇ ಮಾತು. ಈ ಸಲ ಕೂತು ಕೊನೆಯ ಸಾಲಿನವರೆಗೂ ಓದಿದೆ. ಮುಂದಿನ ಸ್ಕ್ಯಾನ್ ಯಾವಾಗ ಎಂದು ಅವರ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿಕೊಟ್ಟು ಬಂದೆ. ನಿಮ್ಮ ಮನೆಯಲ್ಲೂ ಅಂಥ ಕಾಗದವೊಂದು ಮಡಚಿಟ್ಟಿರಬಹುದು. ಇವತ್ತೇ ತೆಗೆದು ಓದಿ.